ಕಾಗದದಕ್ಕನ ಸ್ಟೂಲು

ಅವಳ ಅಂಗಡಿಯ ಬೋರ್ಡಿನಲ್ಲಿ ಮೂರು ಸಾಲುಗಳಿದ್ದವು. 'ಇಂಗ್ಲಿಷ್ ಕಾಗದ ಓದಿ ಹೇಳಲಾಗುವುದು. ಅರ್ಜಿ, ಉತ್ತರ ಟೈಪ್ ಮಾಡಿಕೊಡಲಾಗುವುದು. ಸಮಾಧಾನ ಹೇಳಲಾಗುವುದಿಲ್ಲ.' ಮೂರನೆಯ ಸಾಲು ಬರೆಯಲು ಪೇಂಟರು ಹಿಂದೆಮುಂದೆ ನೋಡಿದನಂತೆ. "ಇದೇನಕ್ಕಾ ಹೀಗೆ? ಬಂದ ಗಿರಾಕಿ ಓಡಿಹೋಗಲ್ವಾ?" ಎಂದು ಕೇಳಿದ್ದಕ್ಕೆ ಅವಳು, "ನಿನ್ನನ್ನ ಕರೆಸಿದ್ದು ಅಕ್ಷರ ಬರೆಯೋಕೋ, ಅಭಿಪ್ರಾಯ ಹೇಳೋಕೋ?" ಎಂದಳಂತೆ. ಪೇಂಟರು ಬಾಯಿ ಮುಚ್ಚಿಕೊಂಡು ಬರೆದು ಹೋದ.

ಬೀದಿಯವರೆಲ್ಲ ಅವಳನ್ನು ಕಾಗದದಕ್ಕ ಎನ್ನುತ್ತಿದ್ದರು. ಐವತ್ತನಾಲ್ಕು ವಯಸ್ಸು, ಕಡ್ಡಿಯಂಥ ಮೈ, ದಾರ ಕಟ್ಟಿದ ಕನ್ನಡಕ, ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು ಅವಳ ಅಂಗಡಿ. ಒಳಗೆ ಒಂದು ಮೇಜು, ಮೇಜಿನ ಮೇಲೆ ಟೈಪ್‌ರೈಟರು, ಅವಳ ಕುರ್ಚಿ. ಅಷ್ಟಕ್ಕೇ ಜಾಗ ಮುಗಿಯುತ್ತಿತ್ತು. ಚಾವಣಿ ಇಳಿಜಾರಾಗಿದ್ದರಿಂದ ಎತ್ತರದ ಗಿರಾಕಿಗಳು ದಿನಕ್ಕೊಮ್ಮೆಯಾದರೂ ತಲೆ ಹೊಡೆಸಿಕೊಳ್ಳುತ್ತಿದ್ದರು. "ಬಗ್ಗಿ ಬನ್ನಿ, ಬಗ್ಗಿ ಬನ್ನಿ" ಎಂದು ಅವಳು ತಲೆ ಎತ್ತದೆಯೇ ಹೇಳುತ್ತಿದ್ದಳು. ಹೇಳುವಷ್ಟರಲ್ಲಿ ಅವರಿಗೆ ಬಡಿದಿರುತ್ತಿತ್ತು.

ಮೊಬೈಲು ಇನ್ನೂ ಜನರ ಜೇಬಿಗೆ ಬಂದಿರದ ಕಾಲ ಅದು. ಆ ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಹಡಗು, ಗಣಿ, ಕಾರ್ಖಾನೆ ಎಂದು ದೂರದೂರಕ್ಕೆ ಹೋದವರು. ಅವರು ಬರೆದ ಕಾಗದ ಮನೆಯ ಭಾಷೆಯಲ್ಲೇ ಬರುತ್ತಿತ್ತು, ಅದಕ್ಕೆ ಯಾರ ಹಂಗೂ ಬೇಕಿರಲಿಲ್ಲ. ಕಂಪನಿಗಳಿಂದ, ಆಸ್ಪತ್ರೆಗಳಿಂದ, ವಿಮೆಯವರಿಂದ ಬರುವ ಕಾಗದ ಮಾತ್ರ ಇಂಗ್ಲಿಷಿನಲ್ಲಿರುತ್ತಿತ್ತು. ಅಂಚೆಯವನು ಅಂಥ ಉದ್ದ ಲಕೋಟೆ ಕೊಟ್ಟ ಕೂಡಲೇ ಜನ ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಇಲ್ಲಿಗೆ ಬರುತ್ತಿದ್ದರು.

ಕಾಗದದಕ್ಕ ಕಾಗದ ಓದುವುದಕ್ಕೆ ಒಂದು ಕ್ರಮವಿತ್ತು. ಮೊದಲು ಅವಳು ಓದುತ್ತಲೇ ಇರಲಿಲ್ಲ, ಹುಡುಕುತ್ತಿದ್ದಳು. ತೋರುಬೆರಳನ್ನು ಕಾಗದದ ಎಡ ಅಂಚಿನಲ್ಲಿಟ್ಟು ಮೇಲಿನಿಂದ ಕೆಳಕ್ಕೆ ಸರಸರನೆ ಜಾರಿಸುತ್ತಿದ್ದಳು. ಹುಡುಕುತ್ತಿದ್ದದ್ದು ಕೆಲವೇ ಪದಗಳನ್ನು. ಆ ಪದಗಳೆಲ್ಲ ಕೊನೆಯಲ್ಲಿ 'ಲಿ' ಎಂದು ಬಾಲ ಅಲ್ಲಾಡಿಸುತ್ತವೆ ಎಂದು ಅವಳು ಅವಕ್ಕೆ ಬಾಲದ ಪದಗಳು ಎಂದು ಹೆಸರಿಟ್ಟಿದ್ದಳು. ದುಃಖವನ್ನು ಹೇಳುವ ಬಾಲದ ಪದ ಎಲ್ಲಿದೆ ಎಂದು ಗೊತ್ತಾದರೆ ಕಾಗದದ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಾದಂತೆ ಎನ್ನುವುದು ಅವಳ ಮೂವತ್ತು ವರ್ಷದ ಅನುಭವ. ಅದಕ್ಕೊಂದು ನೋಟ್‌ಬುಕ್ಕನ್ನೇ ಇಟ್ಟಿದ್ದಳು.

ಆ ನೋಟ್‌ಬುಕ್ಕಿನಲ್ಲಿ 'ಅನ್‌ಫಾರ್ಚುನೇಟ್ಲಿ' ಎಂಬ ಪದದ ಮುಂದೆ ಹೀಗೆ ಬರೆದಿತ್ತು: ಯಾರದೂ ತಪ್ಪಿಲ್ಲ, ನಿಮ್ಮ ಹಣೆಬರಹ ಎಂದು ಕೈ ತೊಳೆದುಕೊಳ್ಳುವ ಪದ. ಬ್ಯಾಂಕು, ನೌಕರಿ, ವಿಮೆ. ಜೀವಕ್ಕೆ ಅಪಾಯ ಕಡಿಮೆ, ಆದರೂ ಮುಂದಿನ ಸಾಲು ನೋಡಿಕೊಳ್ಳುವುದು. 'ರಿಗ್ರೆಟ್‌ಫುಲಿ' ಮುಂದೆ: ಸಹಿ ಹಾಕಿದವನಿಗೆ ಬೇಜಾರಾಗಿದೆಯಂತೆ, ಸಹಿ ನೋಡಿದರೆ ಹಾಗೇನೂ ಕಾಣುವುದಿಲ್ಲ. 'ರಿಗ್ರೆಟೆಬ್ಲಿ' ಮುಂದೆ: ಬೇಜಾರಿನ ಸಂಗತಿ ಎನ್ನುತ್ತಾರೆ, ಬೇಜಾರು ಯಾರಿಗೆ ಎಂದು ಬಾಯಿ ಬಿಡುವುದಿಲ್ಲ, ವಕೀಲರಿಗೆ ಇಷ್ಟ. 'ಸ್ಯಾಡ್ಲಿ' ಎಂಬುದಕ್ಕೆ ಒಂದು ಪೂರ್ತಿ ಪುಟ. ವಾಕ್ಯದ ನಡುವೆ ಬಂದರೆ ಹೆದರಬೇಕಾಗಿಲ್ಲ, ಅದು ಕಥೆಪುಸ್ತಕದ ವ್ಯವಹಾರ. ಅವನು ಸ್ಯಾಡ್ಲಿ ನಕ್ಕ, ಅವಳು ಸ್ಯಾಡ್ಲಿ ಬಾಗಿಲು ಮುಚ್ಚಿದಳು. ಆದರೆ ವಾಕ್ಯದ ಮೊದಲಿಗೇ ಬಂದು, ಪಕ್ಕದಲ್ಲಿ ಕಾಮಾ ಕೂತಿದ್ದರೆ, ಯಾರೋ ಹೋಗಿದ್ದಾರೆ. ಆ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಪದವಿತ್ತು: ಸ್ಟೂಲು.

ಉತ್ತರ ಟೈಪ್ ಮಾಡಿಸುವವರೂ ಈ ಪದಗಳಿಗಾಗಿ ಅವಳ ಪ್ರಾಣ ತಿನ್ನುತ್ತಿದ್ದರು. ಒಮ್ಮೆ ಒಬ್ಬ ಬಸ್ ಕಂಡಕ್ಟರು ನಾಲ್ಕು ದಿನದ ರಜೆ ಅರ್ಜಿಗೆ, "ಅಳ್ತಾ ಕೇಳ್ಕೊಳ್ತಿದೀನಿ ಅಂತ ಹಾಕಿ ಅಕ್ಕಾ, ಟಿಯರ್‌ಫುಲಿ ಅಂತ ಇದೆಯಂತಲ್ಲ" ಎಂದು ಹಟ ಹಿಡಿದ. ಕಾಗದದಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಟಿಯರ್‌ಫುಲಿ ಅಂತ ಹಾಕಿದ್ರೆ ನಿಮ್ಮ ಸಾಹೇಬರು ಕರ್ಚೀಫು ಕಳಿಸ್ತಾರೆ, ರಜೆ ಕೊಡಲ್ಲ. ಆಫೀಸಲ್ಲಿ ಯಾರೂ ಅಳಲ್ಲಪ್ಪ. ಹೊಟ್ಟೆನೋವು ಅಂತ ಹಾಕ್ತೀನಿ, ಸುಮ್ನೆ ಸಹಿ ಮಾಡು." ಅವನಿಗೆ ರಜೆ ಸಿಕ್ಕಿತು.

ಇನ್ನು ಸ್ಟೂಲಿನ ವಿಷಯ. ತುಂಬ ಹಿಂದೆ ಒಬ್ಬ ದೊಡ್ಡ ಆಳು, ಲಾರಿ ಡ್ರೈವರು, ನಿಂತುಕೊಂಡೇ ತನ್ನ ಅಣ್ಣನ ಸಾವಿನ ಕಾಗದ ಕೇಳಿ, ಧೊಪ್ಪನೆ ಬಿದ್ದು ಹಣೆ ಒಡೆದುಕೊಂಡಿದ್ದ. ಅವತ್ತೇ ಅವಳು ಒಂದು ಕಬ್ಬಿಣದ ಕಾಲಿನ ಸ್ಟೂಲು ತಂದು ಮೇಜಿನ ಕೆಳಗಿಟ್ಟಳು. ಜಾಗವಿಲ್ಲದ್ದರಿಂದ ಅದು ಸದಾ ಮೇಜಿನ ಕೆಳಗೇ ಇರುತ್ತಿತ್ತು. ಬೆರಳು ಕೆಟ್ಟ ಬಾಲದ ಪದದ ಮೇಲೆ ನಿಂತಾಗ ಮಾತ್ರ ಅವಳು ಕಾಲಿನಿಂದ ಅದನ್ನು ಹೊರಗೆಳೆದು "ಕೂತ್ಕೊಳ್ಳಿ" ಎನ್ನುತ್ತಿದ್ದಳು. ಆಮೇಲೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದನ್ನೂ ಬಿಡದೆ, ಒಂದಕ್ಕೂ ಸಕ್ಕರೆ ಸವರದೆ ಓದಿ ಹೇಳುತ್ತಿದ್ದಳು.

ಕಲ್ಲಿನ ನೆಲದ ಮೇಲೆ ಆ ಕಬ್ಬಿಣದ ಕಾಲುಗಳು ಕರ್ರ್ ಎನ್ನುವ ಸದ್ದು ಬೀದಿಗೆಲ್ಲ ಪರಿಚಯವಾಗಿಹೋಗಿತ್ತು. ಪಕ್ಕದ ಅಂಗಡಿಯ ಹೊಲಿಗೆಯವಳು ಆ ಸದ್ದು ಕೇಳಿದ ತಕ್ಷಣ ಮಿಷನ್ನು ನಿಲ್ಲಿಸಿಬಿಡುತ್ತಿದ್ದಳು. ಪಾಪ, ಯಾರ ಮನೆಯದೋ ಎಂದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ತುಳಿಯುತ್ತಿದ್ದಳು. ಹನ್ನೆರಡು ವರ್ಷದಿಂದ ಹಾಗೆ.

ಸಕ್ಕರೆ ಸವರುವುದರ ಮೇಲೆ ಕಾಗದದಕ್ಕನಿಗೆ ಯಾಕಷ್ಟು ಸಿಟ್ಟು ಎನ್ನುವುದನ್ನೂ ಹೇಳಿಬಿಡಬೇಕು. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ, ಗಣಿ ಕೆಲಸಕ್ಕೆ ಹೋಗಿದ್ದ ಅಪ್ಪನ ಬಗ್ಗೆ ಒಂದು ಇಂಗ್ಲಿಷ್ ಕಾಗದ ಬಂತು. ದವಾಖಾನೆಯ ಕಾಂಪೌಂಡರ್ ಒಬ್ಬರನ್ನು ಬಿಟ್ಟರೆ ಸುತ್ತಮುತ್ತ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ಓದಿದರು, ಅಮ್ಮನ ಮುಖ ನೋಡಿದರು, "ಬರೋದು ಸ್ವಲ್ಪ ತಡವಾಗುತ್ತಂತಮ್ಮ" ಎಂದರು. ಅಮ್ಮ ನಾಲ್ಕು ವರ್ಷ ಕಾದಳು. ಅಪ್ಪನ ಅಂಗಿಗಳನ್ನು ತಿಂಗಳಿಗೊಮ್ಮೆ ಒಗೆದು, ಇಸ್ತ್ರಿ ಮಾಡಿ, ಮಡಿಸಿಡುತ್ತಿದ್ದಳು. ಹದಿನೈದನೆಯ ವಯಸ್ಸಿಗೆ ಶಾಲೆಯ ಡಿಕ್ಷನರಿ ಇಟ್ಟುಕೊಂಡು ಮಗಳು ಆ ಕಾಗದವನ್ನು ತಾನೇ ಬಿಡಿಸಿದಾಗ ಎರಡನೆಯ ಸಾಲಿನ ಮೊದಲ ಪದ ಸ್ಯಾಡ್ಲಿ ಎಂದಿತ್ತು. ಅಪ್ಪ ಸತ್ತು ನಾಲ್ಕು ವರ್ಷವಾಗಿತ್ತು.

ಹುಡುಗಿ ಕಾಗದ ಹಿಡಿದುಕೊಂಡು ದವಾಖಾನೆಗೆ ಹೋದಳು. ಕಾಂಪೌಂಡರ್ ಔಷಧಿ ಬಾಟಲಿ ಕೆಳಗಿಟ್ಟು, "ನಿಮ್ಮಮ್ಮನ ಮುಖ ನೋಡಿ ಬಾಯಿ ಬರಲಿಲ್ಲ ಮಗೂ" ಎಂದರು. ಅವಳು ಅವರನ್ನು ಕ್ಷಮಿಸಲಿಲ್ಲ. ಅವರು ಸತ್ತ ದಿನವೂ ಆ ಮನೆಯ ಕಡೆ ತಲೆ ಹಾಕಲಿಲ್ಲ. ಬಾಯಿ ಬರದವರು ಕಾಗದ ಮುಟ್ಟಬಾರದು ಎನ್ನುತ್ತಿದ್ದಳು, ಅಷ್ಟೆ.

ಹೀಗಿರುವಾಗ ಒಂದು ಹಡಗಿಗೆ ಬೆಂಕಿ ಬಿತ್ತು.

ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ. ಸರಕಿನ ಹಡಗು, ನಡುಸಮುದ್ರ, ಇಂಜಿನ್ ಕೋಣೆಯಲ್ಲಿ ಬೆಂಕಿ, ಕೆಲವರು ಸತ್ತಿರುವ ಶಂಕೆ. ಆ ಹಡಗಿನಲ್ಲಿ ಈ ಬೀದಿಗೆ ಬೇಕಾದ ಇಬ್ಬರಿದ್ದರು. ಒಬ್ಬ ಹೊಲಿಗೆಯವಳ ಗಂಡ, ಹಡಗಿನ ಅಡುಗೆಯವನು. ಇನ್ನೊಬ್ಬ ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನ ತಮ್ಮ, ಅದೇ ಹಡಗಿನ ಫಿಟ್ಟರು. ಬೀಗದಣ್ಣ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು. ಕಬ್ಬಿಣಕ್ಕೆ ಅರ ಹಾಕುವುದನ್ನು ತಾನೇ ಕಲಿಸಿದ್ದ. "ನಾನು ಬೀಗಕ್ಕೇ ನಿಂತೆ, ಅವನು ಹಡಗಿಗೆ ಹೋದ ನೋಡಿ" ಎಂದು ಬೀಗ ತಂದವರಿಗೆಲ್ಲ ಹೇಳುವುದೇ ಅವನ ಕೆಲಸ.

ಹನ್ನೊಂದು ದಿನ ಏನೂ ಸುದ್ದಿಯಿಲ್ಲ. ಕಾಗದದಕ್ಕ ಕಂಪನಿಗೆ ಎರಡು ತಂತಿ ಕಳಿಸಿದಳು. "ಕುಟುಂಬದವರಿಗೆ ಪತ್ರದ ಮೂಲಕ ತಿಳಿಸಲಾಗುವುದು" ಎಂದು ಒಂದೇ ಉತ್ತರ ಬಂತು. ಹೊಲಿಗೆಯವಳು ಅಂಗಡಿಗೆ ಬರುವುದನ್ನು ಬಿಡಲಿಲ್ಲ, ಆದರೆ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಮನೆಯಲ್ಲಿ ಹೃದಯದ ಕಾಯಿಲೆಯ ಅತ್ತೆ. ಆಘಾತವಾಗುವಂಥ ಸುದ್ದಿ ಏನೇ ಇದ್ದರೂ ಮೊದಲು ನಾಲಿಗೆ ಕೆಳಗೆ ಮಾತ್ರೆ ಇಟ್ಟು, ಆಮೇಲೆ ಮೆಲ್ಲಗೆ ಹೇಳಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ಬೀಗದಣ್ಣ ಮಾತು ನಿಲ್ಲಿಸಿಬಿಟ್ಟಿದ್ದ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬೀದಿಯೇ ತಲೆ ಎತ್ತುತ್ತಿತ್ತು.

ಹನ್ನೆರಡನೆಯ ದಿನ, ಬೆಳಗಿನ ಹನ್ನೊಂದು ಗಂಟೆಗೆ, ಕೊರಳಲ್ಲಿ ಅಳತೆಯ ಟೇಪು ನೇತುಬಿದ್ದಿರುವಂತೆಯೇ ಹೊಲಿಗೆಯವಳು ಬಂದು ನಿಂತಳು. ಕೈಯಲ್ಲಿ ಉದ್ದನೆಯ ನೀಲಿ ಲಕೋಟೆ.

"ಬಂತು ಅಕ್ಕಾ."

ಕಾಗದದಕ್ಕ ಕತ್ತರಿಯಿಂದ ಲಕೋಟೆಯ ಅಂಚು ಕತ್ತರಿಸಿದಳು. ಎರಡು ಹಾಳೆಗಳಿದ್ದವು. ಬೆರಳು ಎಡ ಅಂಚಿಗೆ ಹೋಯಿತು, ಜಾರಿತು. ಕಂಪನಿಯ ಹೆಸರು, ತಾರೀಕು, ಡಿಯರ್ ಮೇಡಂ, ಬೆಂಕಿ ಬಿದ್ದ ದಿನ, ಹೊಸ ಪ್ಯಾರಾ. ಅಲ್ಲಿ ಬೆರಳು ನಿಂತಿತು. ಸ್ಯಾಡ್ಲಿ, ಕಾಮಾ.

ಕಾಲು ತಲೆಯನ್ನು ಕೇಳಲಿಲ್ಲ. ಮೂವತ್ತು ವರ್ಷದ ಅಭ್ಯಾಸ ನೋಡಿ. ಮುಂದಿನ ಪದವನ್ನು ಕಣ್ಣು ಓದುವ ಮೊದಲೇ ಪಾದ ಮೇಜಿನ ಕೆಳಗೆ ಹೋಗಿ ಸ್ಟೂಲಿಗೆ ಕೊಕ್ಕೆ ಹಾಕಿ ಎಳೆದುಬಿಟ್ಟಿತ್ತು. ಕರ್ರ್.

ಹೊಲಿಗೆಯವಳು ಕಾಗದದಕ್ಕನ ಮುಖ ನೋಡಲೇ ಇಲ್ಲ. ಸ್ಟೂಲನ್ನು ನೋಡಿದಳು. ಅದು ಅವಳು ಹನ್ನೆರಡು ವರ್ಷ ಪಕ್ಕದಲ್ಲಿ ಕೂತು ಕೇಳಿದ ಸದ್ದು, ಅದಕ್ಕೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ತಿರುಗಿದವಳೇ ಬೀದಿಗೆ ಇಳಿದು ಓಡಿದಳು.

"ಏಯ್! ನಿಲ್ಲೇ! ಇನ್ನೂ ಓದಿಲ್ಲ ಕಣೇ! ನಿಂತ್ಕೊಳ್ಳೇ!"

ಯಾರು ನಿಲ್ಲುತ್ತಾರೆ? ಕಾಗದದಕ್ಕ ಏಳುವ ಭರದಲ್ಲಿ ಅದೇ ಇಳಿಜಾರು ಚಾವಣಿಗೆ ತಲೆ ಬಡಿಸಿಕೊಂಡಳು. ಸ್ಟೂಲು ದಾರಿಗೆ ಅಡ್ಡವಾಯಿತು, ಅದನ್ನು ಹೊಸ್ತಿಲಾಚೆ ತಳ್ಳಿದಳು. ಹಾಳೆಗಳನ್ನು ಎದೆಗೆ ಅವಚಿಕೊಂಡು, ಬಾಗಿಲು ಹಾಗೇ ಬಿಟ್ಟು ಓಡಿದಳು. ಅಯ್ಯೋ, ನಾನೇನು ಮಾಡಿಬಿಟ್ಟೆ ಎನ್ನುವುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಇವಳು ನೇರ ಮನೆಗೆ ಹೋಗುತ್ತಾಳೆ. ಮಾತ್ರೆಯಿಲ್ಲ, ಮೆಲ್ಲಗಿಲ್ಲ, ಮುದುಕಿಯ ಮುಂದೆ ನಿಂತು ನಿಮ್ಮ ಮಗ ಹೋದ ಎನ್ನುತ್ತಾಳೆ. ಅವನು ಹೋಗಿದ್ದಾನೋ ಇಲ್ಲವೋ ಯಾರಿಗೆ ಗೊತ್ತು, ಕಾಗದ ಇನ್ನೂ ಯಾರೂ ಓದಿಲ್ಲ!

ಮೂಲೆಯಲ್ಲಿ ಬೀಗದಣ್ಣ ಎದ್ದು ನಿಂತಿದ್ದ. ಹೊಲಿಗೆಯವಳು ಓಡಿದ್ದನ್ನು ನೋಡಿದ್ದ, ಈಗ ಇವಳನ್ನೂ ನೋಡಿದ. "ಅಕ್ಕಾ, ಬಂತಾ?" ಎಂದ. ಕಾಗದದಕ್ಕ ಕೈ ಮಾತ್ರ ಬೀಸಿ ಮುಂದಕ್ಕೆ ಓಡಿದಳು. ಮೊಣಕಾಲು ನೋವು, ಉಬ್ಬಸ, ಸೀರೆಯ ನೆರಿಗೆ ಒಂದು ಕೈಯಲ್ಲಿ. ಜನ ದಾರಿ ಬಿಟ್ಟರು. ಕಾಗದದಕ್ಕ ಓಡಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

ಎರಡನೆಯ ತಿರುವಿಗೆ ಹೋಗುವ ಮೊದಲೇ ನೀರಿನ ಟ್ಯಾಂಕರು ಅಡ್ಡ ಬಂತು. ಗಲ್ಲಿಯೊಳಗೆ ಹಿಂದಕ್ಕೆ ಬರುತ್ತಿದ್ದ ಲಾರಿ, ಎರಡೂ ಕಡೆ ಗೋಡೆ, ಇರುವೆಗೂ ಜಾಗವಿಲ್ಲ. ಹೊಲಿಗೆಯವಳು ಅದು ಬರುವ ಮುಂಚೆಯೇ ದಾಟಿಹೋಗಿದ್ದಳು. "ನಿಲ್ಸಯ್ಯಾ! ದಾರಿ ಬಿಡು!" ಎಂದು ಕಾಗದದಕ್ಕ ಲಾರಿಯ ಬದಿಗೆ ಗುದ್ದಿದಳು. "ಒಂದ್ನಿಮಿಷ ಅಮ್ಮಾ, ಗೋಡೆಗೆ ತಾಗುತ್ತೆ" ಎಂದು ಡ್ರೈವರು ಒಳಗಿಂದ ಕೂಗಿದ. ಆ ಒಂದು ನಿಮಿಷ ಅಲ್ಲಿ ಸುಮ್ಮನೆ ನಿಲ್ಲಬೇಕಾಯಿತು. ನಿಂತವಳು ಮೊದಲ ಹಾಳೆ ಬಿಡಿಸಿ, ಬೆರಳು ನಿಂತಿದ್ದ ಜಾಗದಿಂದ ಮುಂದಕ್ಕೆ ಓದಿದಳು.

ಸ್ಯಾಡ್ಲಿ, ನಮ್ಮ ಸಿಬ್ಬಂದಿಯಲ್ಲಿ ಮೂವರನ್ನು ಕಳೆದುಕೊಂಡಿದ್ದೇವೆ. ಎರಡನೆಯ ಇಂಜಿನಿಯರು, ಇಂಜಿನ್ ಕೋಣೆಯ ಎಣ್ಣೆಯವನು, ಫಿಟ್ಟರು. ಮೂವರೂ ಇಂಜಿನ್ ಕೋಣೆಯಲ್ಲಿದ್ದವರು. ಈ ಪುಟವನ್ನು ಎಲ್ಲ ಕುಟುಂಬಗಳಿಗೂ ಕಳಿಸುತ್ತಿದ್ದೇವೆ. ನಿಮ್ಮವರ ವಿಷಯ ಮುಂದಿನ ಪುಟದಲ್ಲಿದೆ.

ಅಡುಗೆಯವನು ಆ ಮೂವರಲ್ಲಿ ಇಲ್ಲ! ಕಾಗದದಕ್ಕನಿಗೆ ಹೋದ ಉಸಿರು ಬಂದ ಹಾಗಾಯಿತು. ಮರುಕ್ಷಣವೇ ಆ ಸಾಲಿನ ಕೊನೆಯ ಪದವನ್ನು ಮತ್ತೆ ಓದಿದಳು. ಫಿಟ್ಟರು. ಆ ಹಡಗಿನಲ್ಲಿ ಒಬ್ಬನೇ ಫಿಟ್ಟರು ಇದ್ದದ್ದು. ಅವಳು ತಿರುಗಿ ನೋಡಿದಳು. ಬೀದಿಯ ಆ ತುದಿಯಲ್ಲಿ ಬೀಗದಣ್ಣ ಕೈಯಲ್ಲಿ ಅರ ಹಿಡಿದುಕೊಂಡು ಇವಳನ್ನೇ ನೋಡುತ್ತ ನಿಂತಿದ್ದ.

ಹಿಂದಕ್ಕೆ ಹೋಗುವುದೋ ಮುಂದಕ್ಕೋ? ಆ ಕಡೆ ಒಬ್ಬ ಬದುಕಿರುವವನನ್ನು ಸತ್ತ ಎಂದು ಹೇಳಲು ಹೊರಟಿದ್ದಾರೆ, ಅದನ್ನು ಕೇಳಿ ಮುದುಕಿಯ ಎದೆ ನಿಂತರೆ ಆ ಪಾಪ ನೇರ ತನ್ನ ತಲೆಗೆ. ಈ ಕಡೆಯವನಿಗೆ ಕಾಗದ ಇನ್ನೂ ಬಂದಿಲ್ಲ. ಅಂಚೆಯವನು ಹಿಂದಿನ ಬೀದಿಯ ಅವನ ಮನೆ ಮುಗಿಸಿ, ಅಲ್ಲಿ ಯಾರೂ ಇಲ್ಲದ್ದು ನೋಡಿ, ಈ ಮೂಲೆಗೆ ಬರಲು ಇನ್ನೂ ಹೊತ್ತಿದೆ. ಅಷ್ಟರಲ್ಲಿ ಟ್ಯಾಂಕರು ಒಂದು ಗೇಣು ಸರಿಯಿತು. ಕಾಗದದಕ್ಕ ಗೋಡೆಗೆ ಬೆನ್ನು ತಿಕ್ಕಿಕೊಂಡು ನುಸುಳಿ ಮುಂದಕ್ಕೇ ಓಡಿದಳು.

ಹೊಲಿಗೆಯವಳ ಮನೆ ಬಾಗಿಲು ತೆರೆದೇ ಇತ್ತು. ಒಳಗಿಂದ ಅತ್ತೆಯ ದನಿ ಕೇಳಿಸಿತು. ದನಿ ಇದೆ ಎಂದರೆ ಜೀವ ಇದೆ ಎಂದುಕೊಂಡು ಕಾಗದದಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು, ಮಾತು ಹೊರಡಲಿಲ್ಲ.

ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಒಂದು ಕೈ ಎದೆಯ ಮೇಲೆ. ಸೊಸೆ ನೆಲದ ಮೇಲೆ ಕುಸಿದಿದ್ದಳು.

"ಕಾಗದದಲ್ಲಿ ಏನಿದೆ ಅಂತ ಕೇಳ್ತಿದೀನಿ."

"ಅಕ್ಕ ಸ್ಟೂಲು ಎಳೆದ್ರು ಅತ್ತೆ."

"ಅವಳು ಸ್ಟೂಲು ಎಳೆದ್ರೆ ನನ್ನ ಮಗ ಸತ್ತುಹೋಗ್ತಾನಾ? ಕಾಗದ ಓದಿದಳಾ ಇಲ್ಲವಾ?"

"ಓದಲಿಲ್ಲ. ಆದ್ರೆ ಸ್ಟೂಲು..."

"ಸ್ಟೂಲಂತೆ ಸ್ಟೂಲು! ನಿನ್ನ ಬುದ್ಧಿಗಿಷ್ಟು! ಎದ್ದು ಹೋಗು, ಓದಿಸ್ಕೊಂಡು ಬಾ ಹೋಗು. ಸತ್ತಿದ್ರೆ ಸತ್ತ ಅಂತ ಕೇಳ್ಕೊಂಡು ಬಾ. ಸ್ಟೂಲಿನ ಮಾತು ಕೇಳಿ ನಾನು ಅಳಲ್ಲ." ಅಷ್ಟು ಹೇಳಿ ಅವರಿಗೆ ದಮ್ಮು ಬಂತು. ಸೊಸೆ ತಡವರಿಸಿಕೊಂಡು ಎದ್ದು ಮಾತ್ರೆಯ ಡಬ್ಬಿಗೆ ಕೈ ಹಾಕಿದಳು.

"ಬದುಕಿದಾನೆ" ಎಂದಳು ಕಾಗದದಕ್ಕ, ಬಾಗಿಲಿನಿಂದ. "ಸತ್ತೋರಲ್ಲಿ ಅವನಿಲ್ಲ. ತಪ್ಪು ನಂದು. ಪೂರ್ತಿ ಓದೋ ಮೊದಲೇ ಎಳೆದೆ."

ಮಾತ್ರೆಯ ಡಬ್ಬಿ ಕೆಳಗೆ ಬಿತ್ತು. ಮಾತ್ರೆಗಳು ಮಂಚದ ಕೆಳಗೆಲ್ಲ ಉರುಳಿದವು. ಹೊಲಿಗೆಯವಳು ಒಂದನ್ನು ಹುಡುಕಿ, ಒರೆಸಿ, ಅತ್ತೆಯ ನಾಲಿಗೆ ಕೆಳಗಿಟ್ಟಳು. ಆಮೇಲೆ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮುದುಕಿ ಅವಳ ತಲೆ ಸವರುತ್ತಲೇ ಕಾಗದದಕ್ಕನ ಕಡೆ ನೋಡಿ, "ಓದು" ಎಂದರು. "ಮೊದಲಿಂದ ಓದು. ಒಂದನ್ನೂ ಬಿಡಬೇಡ."

ಕಾಗದದಕ್ಕ ಓದಿದಳು. ಕಂಪನಿಯ ಹೆಸರು, ತಾರೀಕು, ಬೆಂಕಿ. ಫಿಟ್ಟರು ಎನ್ನುವುದನ್ನೂ ಓದಿದಳು. ಅತ್ತೆ ಸೊಸೆ ಇಬ್ಬರೂ ತಲೆ ಎತ್ತಿದರು. ಎರಡನೆಯ ಹಾಳೆ ತಿರುಗಿಸಿದಳು. ನಿಮ್ಮ ಪತಿ ಆಸ್ಪತ್ರೆಯಲ್ಲಿದ್ದಾರೆ, ಪ್ರಾಣಕ್ಕೆ ಅಪಾಯವಿಲ್ಲ. ಹೊಗೆಯಲ್ಲಿ ಸಿಕ್ಕಿದ್ದ ಇಬ್ಬರನ್ನು ಅವರು ಹೊರಗೆಳೆದರು. ಅದರ ಮುಂದಿನ ಸಾಲು ಅನ್‌ಫಾರ್ಚುನೇಟ್ಲಿ ಎಂದು ಶುರುವಾಗಿತ್ತು.

ಅಲ್ಲಿ ಅವಳು ನಿಂತುಬಿಟ್ಟಳು. ಕಣ್ಣು ಓದಿಬಿಟ್ಟಿತ್ತು, ಬಾಯಿ ತೆರೆಯುತ್ತಿಲ್ಲ. ಮುದುಕಿಯ ಮುಖದಲ್ಲಿ ಈಗಷ್ಟೇ ರಕ್ತ ಬಂದಿದೆ. ಸೊಸೆಯ ಕೆನ್ನೆ ಇನ್ನೂ ಒದ್ದೆಯಾಗಿದೆ. ಸ್ವಲ್ಪ ಗಾಯವಾಗಿದೆಯಂತೆ ಎಂದರೆ ಸಾಕಲ್ಲ? ಉಳಿದದ್ದನ್ನು ಅವನೇ ಬಂದು ಹೇಳಿಕೊಳ್ಳಲಿ. ನಲವತ್ತು ವರ್ಷದ ಹಿಂದಿನ ಕಾಂಪೌಂಡರ್ ಮುಖ ಅವಳ ಕಣ್ಣೆದುರು ಬಂತು. ಬಾಯಿ ಬರಲಿಲ್ಲ ಮಗೂ. ಛೆ, ಆ ಮಾತಂತೂ ಸುಳ್ಳಾಗಿರಲಿಲ್ಲ, ನಿಜವಾಗಿಯೂ ಬಾಯಿ ಬರುವುದಿಲ್ಲ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

"ಯಾಕೆ ನಿಲ್ಲಿಸಿದೆ?" ಎಂದರು ಅತ್ತೆ.

"ಬಲಗೈಯ ಮೂರು ಬೆರಳು ಉಳಿಸೋಕೆ ಆಗಲಿಲ್ಲವಂತೆ" ಎಂದು ಕಾಗದದಕ್ಕ ಓದಿದಳು.

ಮುದುಕಿ ಸೊಸೆಯ ಕೈ ಹಿಡಿದುಕೊಂಡರು. ಆಮೇಲೆ, "ಎರಡು ಉಳಿದಿದೆಯಲ್ಲ" ಎಂದರು. "ಬೆರಳು ಹೋದ್ರೆ ಹೋಗಲಿ. ಮನೆಗೆ ಬರಲಿ, ತುತ್ತು ಮಾಡಿ ನಾನೇ ತಿನ್ನಿಸ್ತೀನಿ." ಹೇಳುತ್ತ ಹೇಳುತ್ತ ಅವರಿಗೂ ಅಳು ಬಂತು.

ಹೊಲಿಗೆಯವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಕಾಗದದಕ್ಕನ ಎದುರು ಬಂದು ನಿಂತಳು. "ಅಂಗಡಿಯಿಂದ ಇಲ್ಲೀವರೆಗೆ ನಾನು ಗಂಡ ಸತ್ತವಳಾಗಿದ್ದೆ ಅಕ್ಕಾ" ಎಂದಳು. "ಅಷ್ಟು ದೂರ. ಮುಂದೆ ಏನು ಮಾಡೋದು, ಅತ್ತೇನ ಹೇಗೆ ನೋಡ್ಕೊಳ್ಳೋದು, ಎಲ್ಲಾ ಯೋಚನೆ ಮಾಡಿ ಮುಗಿಸಿದ್ದೆ ಗೊತ್ತಾ?"

ಕಾಗದದಕ್ಕ ತಲೆ ತಗ್ಗಿಸಿದಳು. ಅವಳ ನೋಟ್‌ಬುಕ್ಕಿನಲ್ಲಿ ಬಾಲದ ಪದಗಳು ಎಷ್ಟೋ ಇದ್ದವು, ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ. "ತಪ್ಪಾಯ್ತು ಕಣಮ್ಮ" ಎಂದಳು.

"ಫಿಟ್ಟರು ಅಂದ್ರೆ..." ಎಂದಳು ಹೊಲಿಗೆಯವಳು ಮೆಲ್ಲಗೆ.

"ಹೂಂ. ಬೀಗದಣ್ಣಂಗೆ ಇನ್ನೂ ಕಾಗದ ಸಿಕ್ಕಿಲ್ಲ. ಅಂಚೆಯವನು ಬರೋದ್ರೊಳಗೆ ನಾನು ಅಂಗಡೀಲಿರಬೇಕು."

ಹಿಂದಕ್ಕೆ ಬರುವಾಗ ಓಡಲು ಕಾಲಲ್ಲಿ ಶಕ್ತಿ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಒಂದೇ ಯೋಚನೆ ಮಾಡುತ್ತಿದ್ದಳು. ಇವತ್ತು ಸ್ಟೂಲು ಎಳೆಯುವುದಿಲ್ಲ. ಸದ್ದು ಮಾಡುವುದಿಲ್ಲ. ನನ್ನ ಕುರ್ಚಿಯನ್ನೇ ಕೊಟ್ಟು, ಬಾರಣ್ಣ, ಕೂತ್ಕೊ ಎಂದು ಸುಮ್ಮನೆ ಮಾತಾಡಿಸಿ, ಆಮೇಲೆ ಮೊದಲಿನಿಂದ ಓದುತ್ತೇನೆ. ಟ್ಯಾಂಕರು ಹೋಗಿತ್ತು, ಗಲ್ಲಿಯ ನೆಲ ಒದ್ದೆಯಾಗಿತ್ತು. ಮೂಲೆಯಲ್ಲಿ ಬೀಗದಣ್ಣನ ಪೆಟ್ಟಿಗೆ ತೆರೆದೇ ಇತ್ತು. ಇಕ್ಕಳದಲ್ಲಿ ಅರ್ಧ ಕೊರೆದ ಕೀಲಿ ಸಿಕ್ಕಿಕೊಂಡಿತ್ತು. ಮನುಷ್ಯ ಇರಲಿಲ್ಲ. ಕಾಗದದಕ್ಕ ಹೆಜ್ಜೆ ಜೋರು ಮಾಡಿದಳು.

ಅವನು ಅವಳ ಅಂಗಡಿಯ ಮುಂದಿದ್ದ. ಹೊಸ್ತಿಲಾಚೆ ಅವಳು ತಳ್ಳಿ ಹೋಗಿದ್ದ ಸ್ಟೂಲಿನ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಮೊಣಕಾಲ ಮೇಲೆ ಉದ್ದನೆಯ ನೀಲಿ ಲಕೋಟೆ, ಇನ್ನೂ ಒಡೆದಿರಲಿಲ್ಲ. ಬೆರಳಿಗಂಟಿದ ಕಬ್ಬಿಣದ ಪುಡಿ ಲಕೋಟೆಗೆ ಹತ್ತಿತ್ತು. ಪಕ್ಕದಂಗಡಿಯವರು ದೂರ ನಿಂತಿದ್ದರು, ಯಾರೂ ಹತ್ತಿರ ಬಂದಿರಲಿಲ್ಲ.

"ಅವಳ ಗಂಡ?" ಎಂದು ಕೇಳಿದ ಬೀಗದಣ್ಣ.

"ಬದುಕಿದಾನೆ."

"ಒಳ್ಳೇದಾಯ್ತು" ಎಂದ. ಹೇಳುವುದಕ್ಕಾಗಿ ಹೇಳಿದ್ದಲ್ಲ, ನಿಜಕ್ಕೂ ಹಾಗನ್ನಿಸಿಯೇ ಹೇಳಿದ. ಆಮೇಲೆ ಲಕೋಟೆ ಮುಂದೆ ಚಾಚಿದ. "ಟ್ಯಾಂಕರ್ ಹತ್ರ ನಿಂತು ತಿರುಗಿ ನನ್ನ ನೋಡಿದೆಯಲ್ಲ ಅಕ್ಕಾ. ಆಗಲೇ ಗೊತ್ತಾಯ್ತು. ಈ ಸ್ಟೂಲು ಎಳೆಯೋ ಕಷ್ಟ ನಿನಗೆ ಬೇಡ ಅಂತ ನಾನೇ ಬಂದು ಕೂತೆ. ಓದು."

ಕಾಗದದಕ್ಕನ ಕಣ್ಣು ತುಂಬಿ ಬಂತು. ಮೂವತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಅವಳು ಅತ್ತಿರಲಿಲ್ಲ. ಬೋರ್ಡಿನ ಮೂರನೆಯ ಸಾಲು ಅವಳ ತಲೆಯ ಮೇಲೇ ಇತ್ತು. ಒಳಗೆ ಹೋಗಿ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಅವನ ಕಾಲಬಳಿ, ಹೊಸ್ತಿಲ ಮೇಲೆ ಕೂತಳು. ಲಕೋಟೆಯನ್ನು ಕೈಯಿಂದಲೇ ಬಿಡಿಸಿದಳು. ಬೆರಳನ್ನು ಎಡ ಅಂಚಿಗೆ ಒಯ್ಯಲಿಲ್ಲ, ಏನನ್ನೂ ಹುಡುಕಲಿಲ್ಲ. ಕಂಪನಿಯ ಹೆಸರಿನಿಂದ ಶುರು ಮಾಡಿ, ವಿಳಾಸ, ತಾರೀಕು, ಅವನ ಹೆಸರು, ಬೆಂಕಿ ಬಿದ್ದ ದಿನ ಎಲ್ಲವನ್ನೂ ಒಂದೊಂದಾಗಿ ಓದುತ್ತ ಬಂದಳು. ಆ ಪದ ಬಂದಾಗ ಅದನ್ನೂ ಓದಿದಳು. ಬೀಗದಣ್ಣ ತಲೆಯಾಡಿಸುತ್ತ ಕೇಳಿದ, ನಡುವೆ ಒಂದು ಸಲ ಅವಳ ದನಿ ನಿಂತಾಗ "ಹೂಂ, ಮುಂದೆ" ಎಂದ.

ಅತ್ತೆಯನ್ನು ಮಲಗಿಸಿ ಬಂದ ಹೊಲಿಗೆಯವಳು ತನ್ನ ಅಂಗಡಿಯ ಮುಂದೆ ನಿಂತು ಕೊನೆಯ ಸಾಲಿನವರೆಗೂ ಕೇಳಿದಳು. ಆಮೇಲೆ ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತಳು. ಸಂಜೆಯವರೆಗೂ ಅದನ್ನು ತುಳಿಯಲಿಲ್ಲ.